ಕಡಲ ಸಂರಕ್ಷಣೆಯೂ ಒಳನಾಡಿನ ಮತದಾರನೂ

೧

ಬೆಂಗಳೂರು ನಗರದ ಪಡುವಣ ಭಾಗದಲ್ಲಿ ಮೂಡಲಪಾಳ್ಯವೆಂಬ ಬಡಾವಣೆಯೊಂದುಂಟು. ಹೊತ್ತು ಮೂಡುವ ಕಡೆ ಮೂಡಲು, ಹೊತ್ತು ಪಡುವ ಕಡೆ ಪಡುವಲು ಎಂಬುದು ಕನ್ನಡ ಬಲ್ಲವರಿಗೆಲ್ಲ ತಿಳಿದ ವಿಷಯ. ಈ ಊರಿನ ಹೆಸರು ಮೂಡಣ ದಿಕ್ಕನ್ನು ಹೇಳುತ್ತದೆ. ಅದರ ನೆಲೆಯಾದರೋ ಇಂದಿನ ನಗರದ ಪಡುವಲಲ್ಲಿದೆ. ಎರಡು ದಿಕ್ಕುಗಳು ಹೀಗೆ ಒಂದೆಡೆ ಕೂಡಿರುವುದು ಬರಿಯ ಹೆಸರಿನ ಮಾತಾಗಿ ಉಳಿದಿಲ್ಲ. ಆ ಊರಿನ ನೀರಿನ ವಿಚಾರದಲ್ಲಿಯೂ ಇದು ಸತ್ಯವಾಗಿರುವುದು.

ಕೊಳವೆ ಬಾವಿಗಳ ನೀರನ್ನು ಬಿಟ್ಟರೆ ಬೆಂಗಳೂರಿನ ಜನರು ಕುಡಿಯುವುದು ಕಾವೇರಿಯ ನೀರನ್ನು. ೧೯೭೪ರಿಂದೀಚೆಗೆ ಈ ನೀರನ್ನು ತೊರೆಕಾಡನಹಳ್ಳಿಯಿಂದ ನಗರದ ಎತ್ತರಕ್ಕೆ ಏರಿಸಿ ತರಲಾಗುತ್ತಿದೆ. ಕಾವೇರಿಗೆ ನೀರನ್ನು ತುಂಬುವುದು ಮುಖ್ಯವಾಗಿ ಕೊಡಗಿನ ಮುಂಗಾರು ಮಳೆ. ಆ ಮಳೆಯನ್ನು ಹೊತ್ತು ತರುವುದು ಪಡುಗಡಲ ಗಾಳಿ. ಬಳಸಿದ ಮೇಲೆ ಅದೇ ನೀರು ಚರಂಡಿಗಳ ಮೂಲಕ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ ಬೈರಮಂಗಲದ ಕೆರೆಯನ್ನು ಸೇರಿ, ಅಲ್ಲಿಂದ ಅರ್ಕಾವತಿಗೂ, ಕನಕಪುರ ಸೀಮೆಯ ಸಂಗಮದಲ್ಲಿ ಮರಳಿ ಕಾವೇರಿಗೂ ಕೂಡಿಕೊಂಡು, ನಡುವಣ ಅಣೆಕಟ್ಟು ಕಾಲುವೆಗಳಲ್ಲಿ ನಿಂತುಳಿದದ್ದು ಹೋಗಿ ಮಿಕ್ಕದ್ದು ಪೂಂಪುಹಾರಿನ ಬಳಿ ಮೂಡುಗಡಲನ್ನು ಸೇರುತ್ತದೆ. ಆದಕಾರಣ ಮೂಡಲಪಾಳ್ಯದ ಗೃಹಸ್ಥನು ಪಡುಗಡಲು ಕೊಟ್ಟುದನ್ನು ಕುಡಿದು, ಮೂಡುಗಡಲಿಗೆ ತನ್ನ ಕೊಳೆಯನ್ನು ಕಳುಹಿಸುವವನು. ಕಡಲನ್ನು ಕಣ್ಣಾರೆ ಕಾಣದಿದ್ದರೂ ಎರಡು ಕಡಲುಗಳೊಡನೆಯೂ ಅವನಿಗೆ ದಿನನಿತ್ಯದ ವ್ಯವಹಾರವಿದೆ.

ಇಂಥವನು ಕಡಲಿನ ಜೀವರಾಶಿಯ ರಕ್ಷಣೆಗಾಗಿ ತನ್ನ ಚುನಾಯಿತ ಪ್ರತಿನಿಧಿಯಲ್ಲಿ ಏನನ್ನಾದರೂ ಕೇಳಬಹುದೆ? ಕೇಳುವುದಾದರೆ ಏನನ್ನು ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು? ಕೇಳುವಾಗ ಯಾವ ತಪ್ಪನ್ನು ಮಾಡಬಾರದು? ಈ ನಾಲ್ಕು ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಾಚಕರಲ್ಲಿ ಬಹು ಮಂದಿ ಅಧ್ಯಾಪಕರಾದುದರಿಂದ ಅವರಿಗೆ ಈ ವಿಷಯದಲ್ಲಿ ವಿಶೇಷವಾದ ಒಂದು ಅಧಿಕಾರವುಂಟೆಂಬುದನ್ನೂ ಮುಂದೆ ತೋರಿಸಲಾಗುವುದು.

೨

ಮೊದಲು ಕಡಲು ಯಾರ ಆಡಳಿತಕ್ಕೆ ಒಳಪಟ್ಟದ್ದೆಂಬುದನ್ನು ತಿಳಿಯಬೇಕು. ಇದನ್ನು ತಿಳಿಯದೆ ಬರೆದ ಅರ್ಜಿಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಕೊನೆಗೆ ಎಲ್ಲಿಯೂ ನಿಲ್ಲದೆ ಹೋಗುತ್ತವೆ.

ಭಾರತದ ಸಂವಿಧಾನದ ಏಳನೆಯ ಅನುಸೂಚಿಯು ಈ ಅಧಿಕಾರವನ್ನು ಹಂಚಿದೆ. ಮೀನುಗಾರಿಕೆಯು ರಾಜ್ಯಪಟ್ಟಿಯ ೨೧ನೆಯ ವಿಷಯ. ಆದರೆ ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆಯು ಕೇಂದ್ರಪಟ್ಟಿಯ ೫೭ನೆಯ ವಿಷಯವಾಗಿರುತ್ತದೆ. ೧೯೭೬ರ ಕಾನೂನಿನಂತೆ ಪ್ರಾದೇಶಿಕ ಜಲವೆಂದರೆ ದಡದ ಆಧಾರರೇಖೆಯಿಂದ ೧೨ ನಾವಿಕ ಮೈಲಿಗಳವರೆಗಿನ ಕಡಲು. ೨೦೦ ನಾವಿಕ ಮೈಲಿಗಳವರೆಗಿನದು ದೇಶದ ಅನನ್ಯ ಆರ್ಥಿಕ ವಲಯ. ಕಾಡು ಮತ್ತು ವನ್ಯಜೀವಿಗಳು ಮೊದಲು ರಾಜ್ಯಪಟ್ಟಿಯಲ್ಲಿದ್ದು, ೪೨ನೆಯ ತಿದ್ದುಪಡಿಯ ತರುವಾಯ ಸಮವರ್ತಿ ಪಟ್ಟಿಗೆ ಬಂದುವು. ದೊಡ್ಡ ಬಂದರುಗಳು ಕೇಂದ್ರದವು; ಉಳಿದ ಬಂದರುಗಳು ಸಮವರ್ತಿ ಪಟ್ಟಿಯವು. ಕಡಲಡಿಯ ನೆಲವೂ ಖನಿಜವೂ ೨೯೭ನೆಯ ವಿಧಿಯ ಮೇರೆಗೆ ಕೇಂದ್ರ ಸರ್ಕಾರದ ಸ್ವತ್ತು.

ಇದರ ಫಲವನ್ನು ಒಂದು ಉದಾಹರಣೆಯಿಂದ ನೋಡಬಹುದು. ಕಡಲಾಮೆಯೊಂದು ಹೊನ್ನಾವರದ ಮರಳಿನಲ್ಲಿ ಮೊಟ್ಟೆಯಿಡುವಾಗ ಅದನ್ನು ಕಾಯುವುದು ರಾಜ್ಯದ ಅರಣ್ಯ ಇಲಾಖೆಯ ಕೆಲಸ. ದಡದ ಸಮೀಪ ಬಲೆಗೆ ಸಿಕ್ಕಿತಾದರೆ ಮೀನುಗಾರಿಕೆ ಇಲಾಖೆಯ ಮಾತು ಬರುತ್ತದೆ. ಹನ್ನೆರಡು ಮೈಲಿಗಳಾಚೆ ಕೇಂದ್ರದ ಅಧಿಕಾರ. ಮೊಟ್ಟೆಯಿಟ್ಟ ಮರಳದಂಡೆಯಲ್ಲಿ ಕಟ್ಟಡವೇಳುವುದಾದರೆ ೧೯೯೧ರಲ್ಲಿ ಮೊದಲು ಹೊರಟು, ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಹೊಸದಾಗಿ ಬರೆಯಲ್ಪಟ್ಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಆಮೆಗೆ ಈ ಗೆರೆಗಳು ತಿಳಿಯವು, ಅರ್ಜಿದಾರನಿಗೆ ತಿಳಿದಿರಬೇಕು.

ಕಡಲಿನಲ್ಲಿ ಅಭಯಧಾಮವನ್ನು ಏರ್ಪಡಿಸುವುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಅವಕಾಶವುಂಟು. ೧೯೯೧ರಲ್ಲಿ ಅದಕ್ಕೆ ಸೇರಿಸಲಾದ ೨೬-ಎ ಪ್ರಕರಣವು ಬಹು ಎಚ್ಚರಿಕೆಯಿಂದ ರಚಿತವಾದದ್ದು. ಪ್ರಾದೇಶಿಕ ಜಲವನ್ನು ಅಭಯಧಾಮಕ್ಕೆ ಸೇರಿಸಬೇಕಾದರೆ ರಾಜ್ಯವು ಕೇಂದ್ರದ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಬೇಕು. ಎಲ್ಲೆಯನ್ನು ಗೊತ್ತುಮಾಡುವಾಗ ನೌಕಾದಳದ ಮುಖ್ಯ ಜಲಮಾಪಕರೊಡನೆ ಸಮಾಲೋಚಿಸಬೇಕು. ಸ್ಥಳೀಯ ಮೀನುಗಾರರ ವೃತ್ತಿಯ ಹಿತವನ್ನು ಕಾಪಾಡಲು ತಕ್ಕ ಕ್ರಮಗಳನ್ನು ಕೈಗೊಂಡ ಮೇಲೆಯೇ ಎಲ್ಲೆ ನಿರ್ಣಯವಾಗಬೇಕು. ಈ ಕೊನೆಯ ನಿಬಂಧನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಈ ಲೇಖನದ ತಿರುಳು ಅಲ್ಲಿಯೇ ಇದೆ.

೩

ಇನ್ನು ಪ್ರತಿನಿಧಿಗಳ ಎಣಿಕೆಯನ್ನು ನೋಡೋಣ. ಕರ್ನಾಟಕದ ವಿಧಾನಸಭೆಯಲ್ಲಿ ಚುನಾಯಿತ ಸ್ಥಾನಗಳು ೨೨೪. ಕರಾವಳಿಯ ಮೂರು ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡಕ್ಕೆ ೮, ಉಡುಪಿಗೆ ೫, ಉತ್ತರ ಕನ್ನಡಕ್ಕೆ ೬, ಒಟ್ಟು ೧೯ ಸ್ಥಾನಗಳು. ಇವುಗಳಲ್ಲಿಯೂ ಶಿರಸಿ, ಹಳಿಯಾಳ, ಸುಳ್ಯ, ಕಾರ್ಕಳ ಮೊದಲಾದವು ಘಟ್ಟದ ಮೇಲಿನ ಅಥವಾ ಘಟ್ಟದ ಬುಡದ ಕ್ಷೇತ್ರಗಳು. ಕಡಲ ತೆರೆ ಮುಟ್ಟುವ ಕ್ಷೇತ್ರಗಳು ಸರಿಸುಮಾರಾಗಿ ಅರ್ಧದಷ್ಟು ಮಾತ್ರ. ಬೆಂಗಳೂರು ನಗರ ಜಿಲ್ಲೆಯೊಂದಕ್ಕೇ ೨೮ ಸ್ಥಾನಗಳುಂಟು. ಲೋಕಸಭೆಯಲ್ಲಿ ರಾಜ್ಯದ ೨೮ ಸದಸ್ಯರೊಳಗೆ ಕರಾವಳಿಯ ಕ್ಷೇತ್ರಗಳಿಂದ ಬರುವವರು ಮೂವರು.

ಹೀಗಿರುವಲ್ಲಿ ಕಡಲಿನ ವಿಷಯವು ಕರಾವಳಿಯ ಸದಸ್ಯರ ಹೊಣೆಯೆಂದು ಸುಮ್ಮನಿದ್ದರೆ ಆಗುವುದೇನು? ಮೀನುಗಾರಿಕೆ ಇಲಾಖೆಯ ಬೇಡಿಕೆಗೆ ಮತ ಕೊಡುವವರು ೨೨೪ ಮಂದಿಯೂ ಹೌದು. ಕಾನೂನಿಗೆ ತಿದ್ದುಪಡಿ ತರುವವರೂ ಅವರೇ. ಹತ್ತೊಂಬತ್ತು ಮಂದಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಲಾದ ವಿಷಯವು ಸಭೆಯಲ್ಲಿ ಕೊನೆಯ ಘಳಿಗೆಗೆ ಸರಿಯುವುದು ಸಹಜ. ಅಲ್ಲದೆ ಕರಾವಳಿಯ ಸದಸ್ಯನ ಸ್ಥಿತಿಯು ಇಕ್ಕಟ್ಟಿನದು. ಅವನ ಕ್ಷೇತ್ರದಲ್ಲಿ ಯಾಂತ್ರಿಕ ದೋಣಿಯ ಮಾಲಿಕರೂ ಇದ್ದಾರೆ, ನಾಡದೋಣಿಯವರೂ ಇದ್ದಾರೆ, ಬಂದರನ್ನು ಬಯಸುವವರೂ ವಿರೋಧಿಸುವವರೂ ಇದ್ದಾರೆ. ಒಬ್ಬರ ಪರವಾಗಿ ನುಡಿದರೆ ಇನ್ನೊಬ್ಬರ ಮತ ತಪ್ಪುವುದು. ಒಳನಾಡಿನ ಸದಸ್ಯನಿಗೆ ಈ ಭಯವಿಲ್ಲ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದೊಳಗಿನ ಗೋವಿಂದರಾಜನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಮೂಡಲಪಾಳ್ಯದ ಮತದಾರನು ತನ್ನ ಪ್ರತಿನಿಧಿಗೆ ಕಡಲಿನ ವಿಷಯದಲ್ಲಿ ಒಂದು ಪ್ರಶ್ನೆಯನ್ನು ಕೊಟ್ಟರೆ, ಆ ಪ್ರತಿನಿಧಿಯು ಅದನ್ನು ಕೇಳುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಕೇಳಿದರೆ ಅವನಿಗೆ ಲಾಭವೂ ಕಾಣದು. ಆ ಕೊರತೆಯನ್ನು ತುಂಬುವುದೇ ಮತದಾರನ ಕಾಗದದ ಕೆಲಸ.

ವಿಧಾನ ಪರಿಷತ್ತಿನ ಮಾತು ಬೇರೆ. ಅದರ ೭೫ ಸದಸ್ಯರಲ್ಲಿ ೭ ಮಂದಿ ಪದವೀಧರರಿಂದಲೂ ೭ ಮಂದಿ ಅಧ್ಯಾಪಕರಿಂದಲೂ ಚುನಾಯಿತರಾಗುವರು. ಪ್ರೌಢಶಾಲೆಗೆ ಕಡಿಮೆಯಲ್ಲದ ವಿದ್ಯಾಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಹೇಳಿದವರಿಗೆ ಈ ಎರಡನೆಯ ಮತದ ಹಕ್ಕು ದೊರೆಯುತ್ತದೆ. ಪಶ್ಚಿಮ ಅಧ್ಯಾಪಕ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿಗಳ ಅಧ್ಯಾಪಕರು ಉತ್ತರ ಕನ್ನಡದವರೊಡನೆ ಕೂಡಿ ಒಬ್ಬ ಪ್ರತಿನಿಧಿಯನ್ನು ಆರಿಸುತ್ತಾರೆ. ನೈಋತ್ಯ ಕ್ಷೇತ್ರದಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗುಗಳವರು ಉಡುಪಿ, ದಕ್ಷಿಣ ಕನ್ನಡಗಳವರೊಡನೆ ಕೂಡುತ್ತಾರೆ. ಇಲ್ಲಿ ಮತದಾರರ ಸಂಖ್ಯೆಯು ಸಾಮಾನ್ಯ ಕ್ಷೇತ್ರಕ್ಕಿಂತ ಬಹಳ ಕಡಿಮೆಯಾದುದರಿಂದ ಒಬ್ಬೊಬ್ಬ ಅಧ್ಯಾಪಕನ ಮಾತಿಗೂ ತೂಕ ಹೆಚ್ಚು. ವೇತನ ಮತ್ತು ವರ್ಗಾವಣೆಗಳ ವಿಷಯದಲ್ಲಿ ಈ ತೂಕವನ್ನು ನಾವು ಚೆನ್ನಾಗಿ ಬಳಸಿಕೊಂಡಿದ್ದೇವೆ. ನಾಡಿನ ಸಾಮಾನ್ಯ ಹಿತಕ್ಕಾಗಿ ಬಳಸಿದ್ದು ಅಪರೂಪವೆಂದು ಒಪ್ಪಿಕೊಳ್ಳಬೇಕಾಗಿದೆ.

ಇದಲ್ಲದೆ, ಮುಖ್ಯಮಂತ್ರಿಗಳು ಅಧ್ಯಕ್ಷರಾಗಿರುವ ರಾಜ್ಯ ವನ್ಯಜೀವಿ ಮಂಡಲಿಯಲ್ಲಿ ವಿಧಾನ ಮಂಡಲದ ಮೂವರು ಸದಸ್ಯರಿಗೂ, ಪ್ರಧಾನಮಂತ್ರಿಗಳು ಅಧ್ಯಕ್ಷರಾಗಿರುವ ರಾಷ್ಟ್ರೀಯ ಮಂಡಲಿಯಲ್ಲಿ ಸಂಸತ್ತಿನ ಮೂವರು ಸದಸ್ಯರಿಗೂ ಕಾನೂನೇ ಸ್ಥಾನ ಕೊಟ್ಟಿದೆ. ಇವರು ಇಡೀ ಸಭೆಯ ಪರವಾಗಿ ಅಲ್ಲಿ ಕುಳಿತವರು. ಆದಕಾರಣ ರಾಜ್ಯದ ಯಾವ ಮೂಲೆಯ ಮತದಾರನಾದರೂ ಇವರಿಗೆ ಬರೆಯಬಹುದು.

೪

ಚುನಾಯಿತರ ಸಭೆಯು ಕಡಲಿನ ವಿಷಯದಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ನಮ್ಮ ಕರಾವಳಿಯ ರಂಪಣಿಯ ಇತಿಹಾಸವು ಒಳ್ಳೆಯ ನಿದರ್ಶನ.

ರಂಪಣಿಯು ದಡದಿಂದ ಎಳೆಯುವ ಭಾರಿ ಬಲೆ. ಬಂಗುಡೆಯ ಅಥವಾ ಬೂತಾಯಿಯ ಹಿಂಡು ದಡದ ಹತ್ತಿರ ಬಂದುದನ್ನು ಕಂಡು ದೋಣಿಯಿಂದ ಬಲೆಯನ್ನು ಸುತ್ತಲೂ ಬಿಟ್ಟು, ಎರಡು ತುದಿಗಳನ್ನೂ ಹಲವು ಹತ್ತು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಲೆಯಲ್ಲಿ ಊರಿನ ಅನೇಕ ಮನೆಗಳಿಗೆ ಪಾಲಿರುತ್ತಿತ್ತು. ಹಿಂಡು ತಾನಾಗಿ ದಡಕ್ಕೆ ಬಾರದಿದ್ದರೆ ರಂಪಣಿಗೆ ಕೆಲಸವಿಲ್ಲ. ಈ ಮಿತಿಯೇ ಮೀನಿಗೂ ಒಂದು ರಕ್ಷಣೆಯಾಗಿತ್ತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಹರಡಿದುವು. ಇವು ಹಿಂಡನ್ನು ಆಳದ ನೀರಿನಲ್ಲಿಯೇ ಹುಡುಕಿ ಸುತ್ತುವರಿದು, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತತಕ್ಕವು. ದಡಕ್ಕೆ ಬರಬೇಕಾದ ಮೀನು ದಾರಿಯಲ್ಲಿಯೇ ಮುಗಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಸೇರಿತು. ಅದನ್ನು ನಂಬಿದ್ದವರು ಕೆಲವರು ಯಾಂತ್ರಿಕ ದೋಣಿಗಳಲ್ಲಿ ಕೂಲಿಗೆ ನಿಂತರು.

ಇಂಥ ಕಲಹಗಳು ದೇಶದ ಇತರ ತೀರಗಳಲ್ಲಿಯೂ ನಡೆದುವು. ಕೇಂದ್ರ ಸರ್ಕಾರವು ಸಮಿತಿಯೊಂದನ್ನು ನೇಮಿಸಿ, ೧೯೭೯ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳುಹಿಸಿತು. ಕೇರಳ ಮತ್ತು ಗೋವೆಗಳು ೧೯೮೦ರಲ್ಲಿ, ಮಹಾರಾಷ್ಟ್ರವು ೧೯೮೧ರಲ್ಲಿ ಕಾನೂನು ಮಾಡಿದುವು. ಕರ್ನಾಟಕದ ಕಡಲ ಮೀನುಗಾರಿಕೆ (ನಿಯಂತ್ರಣ) ಕಾನೂನು ಹೊರಟದ್ದು ೧೯೮೬ರಲ್ಲಿ. ಮಾದರಿ ಬಂದ ಏಳು ವರ್ಷಗಳ ಮೇಲೆ ನಮ್ಮ ಕಾನೂನು ಬಂತು. ಅಷ್ಟರೊಳಗೆ ರಂಪಣಿಯ ಕಾಲವು ಮುಗಿದಿತ್ತು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಶಾಸನಸಭೆಯು ಮಾಡಿದ ಕಾನೂನು ವ್ಯರ್ಥವಲ್ಲ. ಯಾವ ದೋಣಿ ಎಲ್ಲಿ, ಯಾವ ಬಲೆಯಿಂದ, ಯಾವ ತಿಂಗಳಲ್ಲಿ ಮೀನು ಹಿಡಿಯಬಹುದೆಂದು ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕೆ ಬಂದದ್ದು ಇಂಥ ಕಾನೂನಿನಿಂದಲೇ. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಪಡುವಣ ತೀರದಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಈಗಿನ ಪದ್ಧತಿಯೂ ಇದೇ ಬಗೆಯ ಅಧಿಕಾರದ ಫಲ. ಎರಡು, ಕಾನೂನು ತಡವಾದರೆ ಅದು ಕಾಪಾಡಬೇಕಾಗಿದ್ದುದೇ ಉಳಿದಿರುವುದಿಲ್ಲ. ಆ ಏಳು ವರ್ಷಗಳಲ್ಲಿ ಕರಾವಳಿಯ ಜನ ಕೂಗದೆ ಇರಲಿಲ್ಲ. ಕೂಗಿನ ಬಿಸಿಯು ಘಟ್ಟದ ಮೇಲಿನ ಸದಸ್ಯರಿಗೆ ತಟ್ಟುವಂತೆ ಅವರ ಮತದಾರರಾರೂ ಬರೆಯಲಿಲ್ಲವೆಂಬುದು ಈ ಲೇಖಕನ ಊಹೆ.

ಇಂದು ಅದೇ ಕಥೆಯು ಇನ್ನೊಂದು ರೂಪದಲ್ಲಿ ನಡೆಯುತ್ತಿದೆ. ರಾತ್ರಿಯಲ್ಲಿ ಪ್ರಖರವಾದ ವಿದ್ಯುದ್ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ದೋಣಿಗಳ ನಡುವೆ ಬಲೆಯನ್ನೆಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರವು ೨೦೧೭ರ ನವೆಂಬರಿನಲ್ಲಿ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ನಿಂತಿಲ್ಲ. ಇಲ್ಲಿ ಬೇಕಾಗಿರುವುದು ಹೊಸ ಕಾನೂನಲ್ಲ. ಇದ್ದ ಆಜ್ಞೆಯ ಪಾಲನೆ. ಪಾಲನೆಯ ಲೆಕ್ಕವನ್ನು ಕೇಳುವುದು ಶಾಸಕನಿಗೆ ಸುಲಭ.

೫

ಕನ್ನಡ ಸಾಹಿತ್ಯದ ವಾಚಕರಿಗೆ ಪರಿಚಿತರಾದ ಇಬ್ಬರ ಉದಾಹರಣೆಗಳನ್ನು ಇಲ್ಲಿ ನೆನೆಯಬಹುದು. ಚುಟುಕಗಳ ಕವಿಗಳಾದ ದಿನಕರ ದೇಸಾಯಿಯವರು ೧೯೬೭ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಲೋಕಸಭೆಗೆ ಆಯ್ಕೆಯಾದರು. ಶಿವರಾಮ ಕಾರಂತರು ೧೯೮೯ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾಳೀ ನದಿಯ ಕೈಗಾ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ಅದೇ ಪ್ರದೇಶದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಅವರಿಗೆ ಗೆಲುವು ದೊರೆಯಲಿಲ್ಲ. ಕೈಗಾದ ಸ್ಥಾವರವು ೨೦೦೦ದಲ್ಲಿ ವಾಣಿಜ್ಯೋತ್ಪಾದನೆಯನ್ನು ಆರಂಭಿಸಿತು. ಸ್ಥಾವರವು ಬೇಕೋ ಬೇಡವೋ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಕಾದಂಬರಿಕಾರರೊಬ್ಬರು ಪತ್ರಿಕೆಗೆ ಲೇಖನ ಬರೆದು ತೃಪ್ತರಾಗದೆ, ನಾಡಿನ ತೀರ್ಮಾನವು ನಡೆಯುವ ಬಾಗಿಲಿಗೇ ಹೋಗಿ ತಟ್ಟಿದರೆಂಬುದು ಗಮನಾರ್ಹ. ಎಲ್ಲರೂ ಚುನಾವಣೆಗೆ ನಿಲ್ಲಬೇಕಾಗಿಲ್ಲ. ನಿಂತು ಗೆದ್ದವನನ್ನು ಐದು ವರ್ಷ ಬಿಡದೆ ವಿಚಾರಿಸುವುದು ಇನ್ನೂ ಸುಲಭವಾದ, ಬಹುಶಃ ಹೆಚ್ಚು ಫಲಕಾರಿಯಾದ ಮಾರ್ಗ.

ಅಘನಾಶಿನಿಯ ಅಳಿವೆಯ ವೃತ್ತಾಂತವು ಇದಕ್ಕೆ ಪೋಷಕವಾಗಿದೆ. ಕುಮಟಾ ತಾಲ್ಲೂಕಿನ ತದಡಿಯ ಬಳಿ ನದಿಯು ಕಡಲನ್ನು ಸೇರುವಲ್ಲಿ ಕಾಂಡ್ಲಾ ಗಿಡಗಳೂ, ಉಪ್ಪುನೀರಿಗೆ ಅಂಜದ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯೂ, ನೀರಿಗಿಳಿದು ಬಳಚು ಹೆಕ್ಕಿ ಬದುಕುವ ಹೆಂಗಸರು ಗಂಡಸರೂ ಇದ್ದಾರೆ. ಅಲ್ಲಿ ಒಮ್ಮೆ ಭಾರಿ ಉಷ್ಣ ವಿದ್ಯುತ್ ಸ್ಥಾವರದ, ಮತ್ತೊಮ್ಮೆ ಬಂದರಿನ ಯೋಜನೆಗಳು ಹುಟ್ಟಿದುವು. ಊರವರು ವಿರೋಧಿಸಿದರು, ವಿಜ್ಞಾನಿಗಳು ಅಳಿವೆಯ ಜೀವಸಂಪತ್ತನ್ನು ಎಣಿಸಿ ಅದರ ಬೆಲೆಯನ್ನು ಕಾಗದದ ಮೇಲೆ ತೋರಿಸಿದರು. ೨೦೨೪ರಲ್ಲಿ ಈ ಅಳಿವೆಯ ೪,೮೦೧ ಹೆಕ್ಟೇರು ಪ್ರದೇಶವು ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಊರವರ ಅನುಭವ, ವಿಜ್ಞಾನಿಗಳ ಲೆಕ್ಕ, ಆಳುವವರ ಸಹಿ, ಈ ಮೂರೂ ಕೂಡಿದಲ್ಲಿ ಕಾರ್ಯ ಸಿದ್ಧಿಸುತ್ತದೆ. ಒಂದು ತಪ್ಪಿದರೂ ಉಳಿದೆರಡು ಕುಂಟುತ್ತವೆ.

೬

ಈಗ ವಿಧಾನವನ್ನು ಹೇಳಬೇಕು. ಶಾಸಕನಿಗೆ ಬರೆಯುವ ಕಾಗದದಲ್ಲಿ ಒಂದೇ ವಿಷಯವಿರಬೇಕು. “ಕಡಲನ್ನು ಉಳಿಸಿರಿ” ಎಂಬುದು ವಿಷಯವಲ್ಲ, ಘೋಷಣೆ. ಅದಕ್ಕೆ ಬರುವ ಉತ್ತರವೂ ಘೋಷಣೆಯೇ. ಬದಲಾಗಿ, ಸದನದಲ್ಲಿ ಹಾಗೆಯೇ ಓದಬಹುದಾದ ಪ್ರಶ್ನೆಯೊಂದನ್ನು ಸಿದ್ಧಪಡಿಸಿಕೊಡುವುದು ಲೇಸು. ಉದಾಹರಣೆಗೆ: “ಬೆಳಕಿನ ಮೀನುಗಾರಿಕೆಯ ನಿಷೇಧವನ್ನು ಮೀರಿದ ದೋಣಿಗಳ ಮೇಲೆ ಕಳೆದ ಮೂರು ವರ್ಷಗಳಲ್ಲಿ ಜಿಲ್ಲಾವಾರು ಎಷ್ಟು ಮೊಕದ್ದಮೆಗಳು ದಾಖಲಾಗಿವೆ? ಎಷ್ಟು ದಂಡ ವಸೂಲಾಗಿದೆ? ಕಡಲಿನಲ್ಲಿ ಗಸ್ತು ತಿರುಗಲು ಇಲಾಖೆಗೆ ಎಷ್ಟು ದೋಣಿಗಳಿವೆ?” ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿಯೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳಿಗೂ ಎಡೆಯುಂಟು, ಚುಕ್ಕೆ ಗುರುತಿಲ್ಲದುದಾದರೆ ಲಿಖಿತ ಉತ್ತರ ದೊರೆಯುತ್ತದೆ. ಎರಡೂ ದಾಖಲೆಗೆ ಸೇರುತ್ತವೆ. ಉತ್ತರದಲ್ಲಿ ಮಂತ್ರಿಗಳು “ಕ್ರಮ ಕೈಗೊಳ್ಳಲಾಗುವುದು” ಎಂದರೆ ಅದು ಭರವಸೆ. ಭರವಸೆಗಳು ನೆರವೇರಿದುವೇ ಎಂದು ನೋಡುವ ಸಮಿತಿಯೇ ಸದನದಲ್ಲಿದೆ. ಇದಲ್ಲದೆ ಗಮನ ಸೆಳೆಯುವ ಸೂಚನೆಯುಂಟು. ಸದಸ್ಯನೊಬ್ಬನ ಮೂಲಕ ಸದನಕ್ಕೆ ಅರ್ಜಿ ಸಲ್ಲಿಸುವ ದಾರಿಯುಂಟು. ಅಧಿಸೂಚನೆಯ ಕರಡು ಹೊರಟಾಗ ಆಕ್ಷೇಪಣೆಗೆ ಕೊಡುವ ೬೦ ದಿನಗಳೊಳಗೆ ಸಂಸತ್ಸದಸ್ಯರ ಕಾಗದವೂ ಮಂತ್ರಾಲಯಕ್ಕೆ ಹೋಗುವಂತೆ ಮಾಡಬಹುದು.

ಕಾಗದವು ಒಂದು ಪುಟವನ್ನು ಮೀರಬಾರದು. ಬರೆದವನು ಕ್ಷೇತ್ರದ ಮತದಾರನೆಂಬುದು ಮೊದಲ ಸಾಲಿನಲ್ಲಿ ಕಾಣಬೇಕು. ಕೊಟ್ಟ ಅಂಕಿಗಳು ಸರ್ಕಾರದ ವರದಿಗಳಿಂದಲೋ, ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆಯಿಂದಲೋ ಬಂದುವಾಗಿರಬೇಕು. ಶಾಸಕನು ಪ್ರಶ್ನೆ ಕೇಳಿದ ಮೇಲೆ ಅವನಿಗೆ ವಂದನೆಯ ಕಾಗದವನ್ನು ಬರೆಯಬೇಕು. ಪಕ್ಷವನ್ನು ನೋಡಬಾರದು; ಇಂದು ಆಳುವವರು ನಾಳೆ ಎದುರು ಸಾಲಿನಲ್ಲಿ ಕುಳಿತಾರು, ಮೀನು ಮಾತ್ರ ಅದೇ ಕಡಲಿನಲ್ಲಿರುತ್ತದೆ. ಹಾಗೆಯೇ ತನ್ನ ಊರಿನ ಪಾಲನ್ನು ಮರೆಯಬಾರದು. ಮೂಡಲಪಾಳ್ಯದವನು ಕಡಲಿನ ಮಾತನ್ನು ತೆಗೆದಾಗ ವೃಷಭಾವತಿಗೆ ಸೇರುವ ಕೊಳಚೆಯ ಶುದ್ಧೀಕರಣವನ್ನೂ ಜೊತೆಯಲ್ಲಿ ಕೇಳಿದರೆ, ಕರಾವಳಿಯವರ ಮೇಲೆ ಮಾತ್ರ ಹೊರೆ ಹೊರಿಸುವವನೆಂಬ ಅಪವಾದವು ಅವನಿಗೆ ಬಾರದು.

ಇಲ್ಲಿಗೆ ಮುಖ್ಯವಾದ ಎಚ್ಚರಿಕೆಯ ಮಾತು ಬಂತು. ನಗರದವನಿಗೆ ಕಡಲೆಂದರೆ ಚೆಲುವಾದ ನೋಟ. ಆಮೆಯೆಂದರೆ ಮುದ್ದಾದ ಪ್ರಾಣಿ. ಅವನು ಉತ್ಸಾಹದಿಂದ “ಇಲ್ಲಿ ಮೀನುಗಾರಿಕೆಯನ್ನು ನಿಲ್ಲಿಸಿರಿ” ಎಂದು ಬರೆಯಬಲ್ಲನು. ನಿಲ್ಲಿಸಿದರೆ ಅವನ ಮನೆಯ ಒಲೆ ಆರುವುದಿಲ್ಲ. ಮತದ ಎಣಿಕೆಯಲ್ಲಿ ಬೆಂಗಳೂರು ಕರಾವಳಿಗಿಂತ ಬಲವುಳ್ಳದ್ದೆಂದು ಮೇಲೆ ತೋರಿಸಿದೆವು. ಅದೇ ಬಲವು ವಿವೇಕವಿಲ್ಲದೆ ಹೊರಟರೆ ಅನ್ಯಾಯಕ್ಕೂ ಸಾಧನವಾದೀತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಗೆ ಎದುರಾಗಿ ನಿಂತವರು ಅಲ್ಲಿಯ ಮೀನುಗಾರರು. ಆಮೆಗಳು ಮೊಟ್ಟೆಯಿಡುವುದೂ, ಅವರು ಮೀನು ಒಣಗಿಸುವುದೂ ಅದೇ ಮರಳಿನಲ್ಲಿ. ಅಲ್ಲಿ ಆಮೆಯ ಹಿತವೂ ಮೀನುಗಾರನ ಹಿತವೂ ಒಂದೇ. ಆದರೆ ಟ್ರಾಲರ್ ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿಯನ್ನು ಇಡಬೇಕೆಂದರೆ ಹಿಡಿದ ಮೀನಿನಲ್ಲಿ ಸ್ವಲ್ಪ ಹೋದೀತೆಂಬ ಅಂಜಿಕೆ ದೋಣಿಯವರಿಗುಂಟು. ಅಲ್ಲಿ ಎರಡು ಹಿತಗಳೂ ಬೇರೆಯಾಗುತ್ತವೆ. ಆದಕಾರಣ ಒಳನಾಡಿನ ಅರ್ಜಿದಾರನು ಪ್ರತಿಯೊಂದು ಬೇಡಿಕೆಗೂ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದರ ನಷ್ಟವನ್ನು ಹೊರುವವರಾರು? ಅವರೊಡನೆ ಮಾತನಾಡಿದ್ದೇನೆಯೆ? ನಷ್ಟಕ್ಕೆ ಪರಿಹಾರವನ್ನೂ ಅದೇ ಕಾಗದದಲ್ಲಿ ಬೇಡಿದ್ದೇನೆಯೆ? ೨೬-ಎ ಪ್ರಕರಣವು ಸರ್ಕಾರಕ್ಕೆ ವಿಧಿಸಿದ ನಿಯಮವನ್ನು ಅರ್ಜಿದಾರನು ತನಗೆ ತಾನೇ ವಿಧಿಸಿಕೊಳ್ಳುವುದು ನ್ಯಾಯ.

೭

ಮೇಲಿನ ವಿಚಾರದ ಸಾರಾಂಶವಿಷ್ಟು. ಕಡಲಿನ ಆಡಳಿತವು ಹಲವು ಕೈಗಳಲ್ಲಿ ಹಂಚಿದೆ. ಯಾವ ಬೇಡಿಕೆ ಯಾವ ಕೈಗೆ ಸೇರಿದ್ದೆಂದು ತಿಳಿದು ಕೇಳಬೇಕು. ಕರಾವಳಿಯ ಪ್ರತಿನಿಧಿಗಳು ಸಭೆಯಲ್ಲಿ ಅಲ್ಪಸಂಖ್ಯಾತರಾದುದರಿಂದ ಒಳನಾಡಿನವರ ನೆರವಿಲ್ಲದೆ ಕಾರ್ಯವು ಸಾಗದು. ಅಧ್ಯಾಪಕರಿಗೆ ಈ ಕಾರ್ಯದಲ್ಲಿ ಎರಡು ಮತಗಳ ಬಲವುಂಟು. ಆದರೆ ಕೇಳುವವನು ಮೀನುಗಾರನ ಮಾತನ್ನು ಮೊದಲು ಕೇಳಿದವನಾಗಿರಬೇಕು.

ನಮ್ಮ ತರಗತಿಗಳಲ್ಲಿ ಹಳೆಯ ಕಾವ್ಯಗಳ ಸಮುದ್ರವರ್ಣನೆಯನ್ನು ಅಷ್ಟಾದಶ ವರ್ಣನೆಗಳಲ್ಲೊಂದೆಂದು ಪಾಠ ಹೇಳುತ್ತೇವೆ. ಉಬ್ಬರ, ತೆರೆ, ಮುತ್ತು, ಹವಳಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಪಾಠದ ಕೊನೆಯಲ್ಲಿ ಒಂದು ಘಳಿಗೆ ಉಳಿಸಿಕೊಂಡು, ಮಲ್ಪೆಯಲ್ಲಿ ಈ ವರ್ಷ ಬಂಗುಡೆ ಎಷ್ಟು ಬಂತು, ನಮ್ಮ ಶಾಸಕರು ಆ ವಿಷಯದಲ್ಲಿ ಏನು ಕೇಳಿದರು ಎಂದು ವಿಚಾರಿಸಿದರೆ ಸಾಹಿತ್ಯಕ್ಕೆ ಕುಂದೇನೂ ಬಾರದು. ಮುಂದಿನ ಅಧಿವೇಶನಕ್ಕೆ ಮುಂಚೆ ಪ್ರತಿಯೊಂದು ಒಳನಾಡಿನ ಕ್ಷೇತ್ರದಿಂದ ಒಂದೊಂದು ಪ್ರಶ್ನೆಯಾದರೂ ವಿಧಾನಸೌಧವನ್ನು ಮುಟ್ಟುವಂತೆ ಅಧ್ಯಾಪಕ ಮಹಾಶಯರು ಪ್ರಯತ್ನಿಸಬೇಕೆಂದು ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.